ಪ್ರೊಸೆಸರ್ ಬದಲಿಸಿದ ಮೇಲೆ ಕಂಪ್ಯೂಟರ್ ಬಿಸಿಯಾಗುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಮದರ್‌ಬೋರ್ಡನ್ನೇ ಉಳಿಸಿಕೊಂಡು, ಎಸ್.ಪಿ. ರಸ್ತೆಯಿಂದ ಪ್ರೊಸೆಸರ್ ಒಂದನ್ನೇ ತಂದು ಮನೆಯಲ್ಲಿ ತಾವೇ ಕೂರಿಸಿಕೊಳ್ಳುವವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ಕೂರಿಸಿದ ಮೊದಲ ವಾರದಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಾರ್ಚ್‌ನಿಂದ ಮೇ ವರೆಗೆ ಅವುಗಳ ಸಂಖ್ಯೆಯೂ ಹೆಚ್ಚು. ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಹೊಸ ಪ್ರೊಸೆಸರ್ ಹಾಕಿದ ದಿನದಿಂದ 90 ಡಿಗ್ರಿ ತೋರಿಸುತ್ತಿದೆ. ಸುಟ್ಟುಹೋಗುತ್ತದೆಯೇ?

ಸುಟ್ಟುಹೋಗುವುದಿಲ್ಲ. ಈಗಿನ ಪ್ರೊಸೆಸರ್‌ಗಳು ತಮಗೆ ಗೊತ್ತುಮಾಡಿದ ಗರಿಷ್ಠ ತಾಪಮಾನವನ್ನು ಮುಟ್ಟಿದೊಡನೆ ವೇಗವನ್ನೂ ವೋಲ್ಟೇಜನ್ನೂ ತಾವೇ ಇಳಿಸಿಕೊಳ್ಳುತ್ತವೆ. ಅದಕ್ಕೂ ಬಿಸಿ ಬಗ್ಗದಿದ್ದರೆ ಕಂಪ್ಯೂಟರನ್ನೇ ಆರಿಸಿಬಿಡುತ್ತವೆ. ಹೀಗಾಗಿ ಪೆಟ್ಟು ಬೀಳುವುದು ಬಹುತೇಕ ನಿಮ್ಮ ಜೇಬಿಗೆ: ಯಾವ ವೇಗಕ್ಕಾಗಿ ದುಡ್ಡು ಕೊಟ್ಟಿರೋ ಆ ವೇಗ ಕೈಗೆ ಸಿಗದೆ ಹೋಗುತ್ತದೆ.

90 ಎಂಬ ಅಂಕಿಯೊಂದನ್ನೇ ನೋಡಿ ಯಾವ ತೀರ್ಮಾನಕ್ಕೂ ಬರುವಂತಿಲ್ಲ. 140 ವ್ಯಾಟ್ ಎಳೆಯುತ್ತಾ 90 ಡಿಗ್ರಿಯಲ್ಲಿರುವ ಪ್ರೊಸೆಸರ್ ತನ್ನ ಕೆಲಸ ತಾನು ಮಾಡುತ್ತಿದೆ. 60 ವ್ಯಾಟ್‌ಗೇ 90 ಮುಟ್ಟುವ ಪ್ರೊಸೆಸರ್‌ನ ಮೇಲೆ ಕೂಲರ್ (ಅದರ ಬಿಸಿಯನ್ನು ಹೀರಿ ಹೊರಹಾಕುವ ಸಾಧನ) ಸರಿಯಾಗಿ ಕೂತಿಲ್ಲ. ಡಿಗ್ರಿಯನ್ನು ಎಂದೂ ವ್ಯಾಟ್‌ನ ಜೊತೆಯಲ್ಲೇ ಓದಬೇಕು, ಮುಂದಿನ ಉತ್ತರಗಳೆಲ್ಲ ಇದರ ಮೇಲೇ ನಿಂತಿವೆ.

ಎಷ್ಟು ಡಿಗ್ರಿಯವರೆಗೆ ಸರಿ?

ಒಂದೊಂದು ಮಾದರಿಗೆ ಒಂದೊಂದು ಮಿತಿಯಿದೆ. ಇಂಟೆಲ್‌ನ 12, 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜನ್ 7 5800ಎಕ್ಸ್‌ಗೆ 90, ರೈಜನ್ 5 5600ಎಕ್ಸ್‌ಗೆ 95, ರೈಜನ್ 7 7800ಎಕ್ಸ್3ಡಿಗೆ 89. 2022ರಲ್ಲಿ ಬಂದ ರೈಜನ್ 7000 ಸರಣಿಯ ಎಕ್ಸ್ ಮಾದರಿಗಳು ಪೂರ್ತಿ ಹೊರೆ ಬಿದ್ದಾಗ 95ರವರೆಗೆ ಏರಿ ಅಲ್ಲೇ ನಿಲ್ಲುವಂತೆ ರೂಪಿಸಲಾದವು. ಅವುಗಳಲ್ಲಿ 95 ಕಂಡವರು ಹೊಸ ಕೂಲರ್ ಕೊಳ್ಳಲು ಓಡಬೇಕಾಗಿಲ್ಲ.

ಹಳೆಯ ರೈಜನ್‌ಗಳಲ್ಲಿ ಒಂದು ವಿಚಿತ್ರವಿದೆ. 1700ಎಕ್ಸ್ ಮತ್ತು 1800ಎಕ್ಸ್ ನಿಜವಾದ ತಾಪಮಾನಕ್ಕೆ 20 ಡಿಗ್ರಿ, 2700ಎಕ್ಸ್ 10 ಡಿಗ್ರಿ ಸೇರಿಸಿ ಫ್ಯಾನ್‌ಗೆ ತಿಳಿಸುತ್ತಿದ್ದವು. ಸೆಕೆಂಡ್‌ ಹ್ಯಾಂಡ್‌ನಲ್ಲಿ ಅವನ್ನು ಕೊಂಡವರು, ತಾವು ಬಳಸುವ ತಂತ್ರಾಂಶ ಯಾವ ಅಂಕಿಯನ್ನು ತೋರಿಸುತ್ತಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಅಳೆಯುವುದು ಹೇಗೆ?

ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ನಾಲ್ಕು ಸಾಲುಗಳನ್ನು ಗಮನಿಸಿ: ಪ್ರೊಸೆಸರ್‌ನ ತಾಪಮಾನ, ಪ್ಯಾಕೇಜ್ ಪವರ್ ಎಂಬ ವ್ಯಾಟ್ ಲೆಕ್ಕ, ಎಲ್ಲ ಕೋರ್‌ಗಳ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳ) ವೇಗ ಮತ್ತು ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದು. ಜೊತೆಗೆ ಕೋಣೆಯ ತಾಪಮಾನವನ್ನೂ ಬರೆದುಕೊಳ್ಳಬೇಕು. ಇದನ್ನು ಮರೆಯುವವರೇ ಹೆಚ್ಚು. ಡಿಸೆಂಬರ್‌ನ ರಾತ್ರಿ ಅಳೆದ ಅಂಕಿಯನ್ನು ಏಪ್ರಿಲ್ ಮಧ್ಯಾಹ್ನದ ಅಂಕಿಯ ಪಕ್ಕದಲ್ಲಿಟ್ಟು ಗಾಬರಿಯಾಗುವುದಕ್ಕೆ ಅರ್ಥವಿಲ್ಲ. ಕೋಣೆ ಎಂಟು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಅಷ್ಟೇ ಹೊರೆಗೆ ಪ್ರೊಸೆಸರ್ ಕೂಡ ಸುಮಾರು ಎಂಟು ಡಿಗ್ರಿ ಮೇಲೇರುತ್ತದೆ.

ಪ್ರೊಸೆಸರ್‌ಗೆ ಪೂರ್ತಿ ಹೊರೆ ಕೊಟ್ಟು ನೋಡುವ ಸಿನೆಬೆಂಚ್ ತಂತ್ರಾಂಶದ ಬಹು-ಕೋರ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಕೊನೆಯ ಎರಡು ನಿಮಿಷದ ಅಂಕಿಗಳನ್ನು ತೆಗೆದುಕೊಳ್ಳಿ. ನಂತರ ಒಂದು ಸಣ್ಣ ಲೆಕ್ಕ: ಪ್ರೊಸೆಸರ್‌ನ ತಾಪಮಾನದಿಂದ ಕೋಣೆಯ ತಾಪಮಾನವನ್ನು ಕಳೆದು, ಉಳಿದದ್ದನ್ನು ವ್ಯಾಟ್‌ನಿಂದ ಭಾಗಿಸಿ. ಬರುವ ಅಂಕಿ ಒಂದು ವ್ಯಾಟ್‌ಗೆ ಎಷ್ಟು ಡಿಗ್ರಿ ಏರುತ್ತಿದೆ ಎಂಬುದನ್ನು ಹೇಳುತ್ತದೆ. ಬೇರೆಯವರ ಕಂಪ್ಯೂಟರಿನ ಅಂಕಿಯೊಡನೆ ಇದನ್ನು ಹೋಲಿಸಬೇಡಿ, ಏಕೆಂದರೆ ಚಿಪ್‌ನ ಗಾತ್ರ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ನಿಮ್ಮದೇ ಕಂಪ್ಯೂಟರಿನಲ್ಲಿ ಒಂದು ಬದಲಾವಣೆ ಮಾಡುವ ಮುಂಚೆ, ಮಾಡಿದ ಮೇಲೆ ಹೀಗೆ ಲೆಕ್ಕ ಹಾಕಿದರೆ ಆ ಬದಲಾವಣೆಯಿಂದ ಪ್ರಯೋಜನವಾಯಿತೋ ಇಲ್ಲವೋ ತಿಳಿಯುತ್ತದೆ.

ಹಳೆಯ ಪ್ರೊಸೆಸರ್ ಮೇಲೂ ಹೊಸದರ ಮೇಲೂ 65 ವ್ಯಾಟ್ ಎಂದೇ ಬರೆದಿದೆ. ಹಳೆಯ ಕೂಲರ್ ಏಕೆ ಸಾಲುತ್ತಿಲ್ಲ?

ಡಬ್ಬಿಯ ಮೇಲಿನ ಆ ಅಂಕಿ ಪ್ರೊಸೆಸರ್ ಎಳೆಯುವ ಗರಿಷ್ಠ ವಿದ್ಯುತ್ತಲ್ಲ. ಎಎಂ4 ಎಂಬ ಸಾಕೆಟ್ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡುಗಳಲ್ಲಿ 65 ವ್ಯಾಟ್‌ನ ರೈಜನ್ ಸಾಕೆಟ್‌ನಿಂದ 88 ವ್ಯಾಟ್‌ವರೆಗೆ ಎಳೆಯಬಹುದು, 105 ವ್ಯಾಟ್‌ನದು 142ರವರೆಗೆ ಹೋಗುತ್ತದೆ. ಇಂಟೆಲ್‌ನಲ್ಲಿ ಅಂತರ ಇನ್ನೂ ದೊಡ್ಡದು. ಐ5-12400ರ ಮೂಲ ಅಂಕಿ 65 ಆದರೂ ಟರ್ಬೋದಲ್ಲಿ, ಅಂದರೆ ಮೂಲ ವೇಗವನ್ನು ಮೀರಿ ಓಡುವಾಗ, 117. ಐ7-13700ರ ಮೂಲ ಅಂಕಿಯೂ 65, ಟರ್ಬೋದಲ್ಲಿ ಮಾತ್ರ 219. ಎರಡೂ ಡಬ್ಬಿಯಲ್ಲಿ ಕಾಣುವುದು ಒಂದೇ 65, ಹೊರಬರುವ ಬಿಸಿಯಲ್ಲಿ ಸುಮಾರು ಎರಡು ಪಟ್ಟು ವ್ಯತ್ಯಾಸ.

ಎರಡನೆಯ ಕಾರಣ ಚಿಪ್‌ನ ಗಾತ್ರ. ರೈಜನ್ 5000 ಸರಣಿಯಲ್ಲಿ ಎಂಟು ಕೋರ್‌ಗಳಿರುವ ಸಿಲಿಕಾನ್ ತುಣುಕಿನ ವಿಸ್ತೀರ್ಣ ಸುಮಾರು 80 ಚದರ ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿಗಿಂತ ಹೆಚ್ಚೇನೂ ದೊಡ್ಡದಲ್ಲ. ನೂರಕ್ಕೂ ಹೆಚ್ಚು ವ್ಯಾಟ್ ಅಷ್ಟು ಪುಟ್ಟ ಜಾಗದಿಂದ ಹೊರಬರಬೇಕು. ಎಷ್ಟೇ ದೊಡ್ಡ ಕೂಲರ್ ಹಾಕಿದರೂ ಬಿಸಿ ಮೊದಲು ಆ ಕಿರಿದಾದ ಬಾಗಿಲನ್ನು ದಾಟಿಯೇ ಬರಬೇಕು. ಒಂದು ಹಂತದ ನಂತರ ಹೆಚ್ಚು ಬೆಲೆಯ ಕೂಲರ್‌ನಿಂದ ಎರಡು ಮೂರು ಡಿಗ್ರಿಯಷ್ಟೇ ಇಳಿಯುವುದು ಇದೇ ಕಾರಣಕ್ಕೆ.

ಮೂರನೆಯದು, ಬೋರ್ಡನ್ನೂ ಬದಲಿಸಿದವರ ವಿಷಯದಲ್ಲಿ, ಕೂಲರ್ ಹೊಸ ಸಾಕೆಟ್‌ಗೆ ಹೊಂದುತ್ತದೆಯೇ ಎಂಬುದು. ಇಂಟೆಲ್‌ನ ಎಲ್‌ಜಿಎ1200 ಬೋರ್ಡಿನಲ್ಲಿ ಕೂಲರ್‌ನ ರಂಧ್ರಗಳ ನಡುವೆ 75 ಮಿಲಿಮೀಟರ್ ಅಂತರವಿತ್ತು. ಎಲ್‌ಜಿಎ1700ರಲ್ಲಿ ಅದು 78, ಪ್ರೊಸೆಸರ್‌ನ ಎತ್ತರವೂ ತುಸು ಕಡಿಮೆ. ಹಳೆಯ ಕೂಲರನ್ನು ಹೊಸ ಜೋಡಣೆ ಪಟ್ಟಿಯಿಲ್ಲದೆ ಒತ್ತಿ ಕೂರಿಸಿದರೆ ಅದು ಕೂತಂತೆ ಕಂಡರೂ ಬೇಕಾದಷ್ಟು ಒತ್ತಡ ಬೀಳುವುದಿಲ್ಲ. ಎಎಂ4ರಿಂದ ಎಎಂ5ಕ್ಕೆ ಹೋದವರಿಗೆ ರಂಧ್ರಗಳ ಅಂತರ ಅದೇ ಆಗಿದ್ದರೂ ಬೋರ್ಡಿನ ಹಿಂಬದಿಯ ಲೋಹದ ತಟ್ಟೆಯನ್ನು ತೆಗೆಯುವಂತಿಲ್ಲ. ತನ್ನದೇ ಹಿಂಬದಿಯ ತಟ್ಟೆಯನ್ನು ಬೇಡುವ ಕೂಲರ್ ಅಲ್ಲಿ ಕೂರುವುದಿಲ್ಲ.

ಕೂಲರ್ ಸರಿಯಾಗಿ ಕೂತಿದೆ ಎಂದು ತಿಳಿಯುವುದು ಹೇಗೆ?

ಪರೀಕ್ಷೆ ಶುರುವಾದ ಎರಡು ಮೂರು ಸೆಕೆಂಡಿನಲ್ಲೇ ತಾಪಮಾನ ಗರಿಷ್ಠ ಮಿತಿಗೆ ಜಿಗಿದರೆ ಮೊದಲ ಅನುಮಾನ ಕೂಲರ್ ಕೂತಿರುವ ಬಗೆಯ ಮೇಲೆ. ಕೂಲರ್ ಗಟ್ಟಿಯಾಗಿ ಅಂಟಿದ್ದು ಕ್ಯಾಬಿನೆಟ್‌ನಲ್ಲಿ ಗಾಳಿ ಸಾಲದಿದ್ದರೆ ಬಿಸಿ ನಿಧಾನವಾಗಿ, ಐದು ಹತ್ತು ನಿಮಿಷಗಳಲ್ಲಿ ಏರುತ್ತದೆ. ಏರುವ ವೇಗವೇ ಅರ್ಧ ಉತ್ತರ ಹೇಳಿಬಿಡುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ಒಂದು ಏಪ್ರಿಲ್‌ನಲ್ಲಿ ರೈಜನ್ 5 2600 ತೆಗೆದು ರೈಜನ್ 7 5800ಎಕ್ಸ್ ಹಾಕಿದೆ. ಆ ಮಾದರಿಯ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲವಾದ್ದರಿಂದ ಒಂದು ಟವರ್ ಕೂಲರ್ ಹೊಂದಿಸಿಕೊಂಡಿದ್ದೆ. ಕೋಣೆಯಲ್ಲಿ 31 ಡಿಗ್ರಿ. ಪರೀಕ್ಷೆ ಶುರುಮಾಡಿದ್ದೇ ತಡ 90, ವ್ಯಾಟ್ ಮಾತ್ರ 98ಕ್ಕೆ ಇಳಿದು ಅಲ್ಲೇ ನಿಂತಿತು. ಪ್ರೊಸೆಸರ್‌ನಿಂದ ಕೂಲರ್‌ಗೆ ಬಿಸಿ ದಾಟಲೆಂದು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಕಳಪೆಯಿರಬೇಕೆಂದು ಮತ್ತೊಂದು ಟ್ಯೂಬ್ ತಂದು ಹಾಕಿದೆ, ಫ್ಯಾನ್‌ನ ವೇಗ ಏರಿಸಿದೆ, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟೆ. ಒಂದು ಡಿಗ್ರಿಯೂ ಅಲುಗಲಿಲ್ಲ. ಕೊನೆಗೆ ಕೂಲರನ್ನು ಬಿಚ್ಚಿ ತಿರುಗಿಸಿ ದೀಪದ ಕೆಳಗೆ ಹಿಡಿದೆ. ತಾಮ್ರದ ತಳದ ಒಂದು ಬದಿಯಲ್ಲಿ ಪೇಸ್ಟ್ ಲೋಹ ಕಾಣುವಷ್ಟು ತೆಳುವಾಗಿ ಒತ್ತಿಕೊಂಡಿತ್ತು. ಎದುರು ಬದಿಯಲ್ಲಿ ನಾನು ಹಾಕಿದಾಗ ಹೇಗಿತ್ತೋ ಹಾಗೇ ಬೂದು ಬಣ್ಣದ ದಪ್ಪ ಮುದ್ದೆಯಾಗಿ ಉಳಿದಿತ್ತು, ಹೆಂಚಿನ ಒಂದು ಮಗ್ಗುಲಿಗಷ್ಟೇ ಎಳೆದ ದೋಸೆಹಿಟ್ಟಿನ ಹಾಗೆ. ಒಂದು ಸ್ಕ್ರೂವನ್ನು ಮೊದಲೇ ಕೊನೆಯವರೆಗೆ ಬಿಗಿದದ್ದರಿಂದ ಕೂಲರ್ ಓರೆಯಾಗಿ, ಎದುರಿನ ಸ್ಕ್ರೂ ಎಳೆ ಹಿಡಿಯದೆ ಸುಮ್ಮನೆ ತಿರುಗಿತ್ತು. ಕೈಗೆ ಬಿಗಿಯಾದಂತೆ ಅನಿಸಿದ್ದು ಸ್ಪ್ರಿಂಗ್‌ನ ಒತ್ತಡ. ಒರೆಸಿ, ಮತ್ತೆ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಎರಡೆರಡು ಸುತ್ತಿನಂತೆ ಬಿಗಿದ ಮೇಲೆ 138 ವ್ಯಾಟ್‌ಗೆ 84 ಡಿಗ್ರಿ ಬಂತು. ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ 0.60 ಇದ್ದದ್ದು 0.38ಕ್ಕೆ ಇಳಿಯಿತು. ಡಿಗ್ರಿಯನ್ನಷ್ಟೇ ನೋಡಿದ್ದರೆ ಬರೀ ಆರು ಡಿಗ್ರಿ ಇಳಿದ ಹಾಗಿರುತ್ತಿತ್ತು.

ಇಂಟೆಲ್ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುತ್ತವೆ. ನಾಲ್ಕರಲ್ಲಿ ಒಂದು ಕಾಲು ಅರ್ಧಕ್ಕೇ ನಿಲ್ಲುವುದು ತೀರಾ ಸಾಮಾನ್ಯ. ಮೇಲಿನಿಂದ ನೋಡಿದರೆ ಅದು ಗೊತ್ತಾಗುವುದಿಲ್ಲ. ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ತುದಿಗಳು ಹೊರಬಂದು ಕವಲಾಗಿ ಅಗಲಿವೆಯೇ ಎಂದು ಟಾರ್ಚ್ ಹಿಡಿದು ನೋಡಿ.

ಎಎಂ4 ಕೂಲರ್ ಬಿಚ್ಚುವವರಿಗೆ ಒಂದು ಎಚ್ಚರಿಕೆ. ಪೇಸ್ಟ್ ಗಟ್ಟಿಯಾಗಿದ್ದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಸಾಕೆಟ್‌ನಿಂದ ಕಿತ್ತುಬರುತ್ತದೆ, ಪಿನ್ನುಗಳು ಬಾಗುತ್ತವೆ. ಹತ್ತು ನಿಮಿಷ ಹೊರೆಯ ಮೇಲೆ ಓಡಿಸಿ, ಆರಿಸಿ, ಪ್ಲಗ್ ತೆಗೆದು, ಬೆಚ್ಚಗಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿದ ಮೇಲೆ ಎತ್ತಬೇಕು.

ಕೂಲರ್‌ನ ತಳದ ಪ್ಲಾಸ್ಟಿಕ್ ಹಾಳೆ ತೆಗೆಯಬೇಕೇ?

ತೆಗೆಯಲೇಬೇಕು. ಕೇಳಲು ಸಂಕೋಚಪಡುವ ಪ್ರಶ್ನೆಯಿದು, ಆದರೆ ಹಾಳೆ ಹಾಗೇ ಉಳಿದ ಕಂಪ್ಯೂಟರುಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಬಿಚ್ಚಿದ್ದೇನೆ. ಅದರಲ್ಲೊಂದು ಅಂಗಡಿಯಲ್ಲೇ ಅಸೆಂಬಲ್ ಆಗಿ ಬಂದದ್ದು.

ಥರ್ಮಲ್ ಪೇಸ್ಟ್ ಎಷ್ಟು ಹಾಕಬೇಕು? ಹಳೆಯದನ್ನು ಯಾವುದರಿಂದ ಒರೆಸಬೇಕು?

ಚಿಕ್ಕ ಪ್ರೊಸೆಸರ್‌ಗೆ ನಡುವೆ ಒಂದು ಬಟಾಣಿ ಕಾಳಿನಷ್ಟು ಸಾಕು. ಎಲ್‌ಜಿಎ1700ರಂಥ ಉದ್ದನೆಯ ಪ್ರೊಸೆಸರ್ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯುವುದು ಅನುಕೂಲ. ತುಸು ಹೆಚ್ಚಾದರೆ ಬದಿಗೆ ಹೊರಬರುತ್ತದೆ, ಅಷ್ಟೇ. ಕಡಿಮೆಯಾದರೆ ಮೂಲೆಗಳು ಖಾಲಿ ಉಳಿಯುತ್ತವೆ.

ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಕೋವಿಡ್ ಕಾಲದಲ್ಲಿ ಕೊಂಡು ಉಳಿದ ಹ್ಯಾಂಡ್ ಸ್ಯಾನಿಟೈಸರ್ ಬಳಸಬೇಡಿ. ಅದರಲ್ಲಿ ಚರ್ಮಕ್ಕಾಗಿ ಸೇರಿಸುವ ಗ್ಲಿಸರಿನ್ ಮುಂತಾದವು ಆರದೆ ಲೋಹದ ಮೇಲೆ ಉಳಿಯುತ್ತವೆ.

ಏನೂ ಕೆಲಸವಿಲ್ಲದಾಗಲೂ 40ರಿಂದ 60ಕ್ಕೆ ಜಿಗಿಯುತ್ತದೆ, ಫ್ಯಾನ್ ಗೊರಗುಟ್ಟುತ್ತದೆ. ಏಕೆ?

ಬ್ರೌಸರ್ ಒಂದು ಪುಟ ತೆರೆದರೂ ಒಂದೋ ಎರಡೋ ಕೋರ್‌ಗಳು ಕ್ಷಣಕಾಲ ಅತಿ ಹೆಚ್ಚಿನ ವೇಗಕ್ಕೆ ಏರಿ ಇಳಿಯುತ್ತವೆ. ರೈಜನ್‌ಗಳಲ್ಲಿ ಇದು ಎದ್ದು ಕಾಣುತ್ತದೆ, ದೋಷವೇನಲ್ಲ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) ಫ್ಯಾನ್ ಪ್ರತಿಕ್ರಿಯಿಸುವ ಸಮಯವನ್ನು ಕೆಲವು ಸೆಕೆಂಡು ಹೆಚ್ಚಿಸಿದರೆ ಗೊರಗುಟ್ಟುವುದು ನಿಲ್ಲುತ್ತದೆ. ಸುಮ್ಮನಿರುವಾಗಲೂ ವ್ಯಾಟ್ ಕೆಳಗಿಳಿಯದೆ ಮೇಲೆಯೇ ನಿಂತಿದ್ದರೆ ಮಾತು ಬೇರೆ. ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವ ತಂತ್ರಾಂಶ ಪ್ರೊಸೆಸರನ್ನು ತಿನ್ನುತ್ತಿದೆ ಎಂದು ನೋಡಿ. ನಕಲಿ ತಂತ್ರಾಂಶದ ಜೊತೆ ನುಸುಳಿದ ಕ್ರಿಪ್ಟೊ ಮೈನರ್‌ಗಳು ಹೀಗೆ ಸಿಕ್ಕಿಬೀಳುವುದುಂಟು.

ಬಯೋಸ್‌ನಲ್ಲಿ ಏನನ್ನು ಬದಲಿಸಬಹುದು?

ಕೂಲರ್ ಸರಿಯಾಗಿ ಕೂತಿದೆ ಎಂದು ಖಚಿತವಾದ ಮೇಲೆ ಇಲ್ಲಿಗೆ ಬನ್ನಿ. ಓರೆಯಾದ ಕೂಲರನ್ನು ಬಯೋಸ್‌ನಿಂದ ನೇರ ಮಾಡಲಾಗದು.

ಅನೇಕ ಮದರ್‌ಬೋರ್ಡುಗಳು ಇಂಟೆಲ್ ಗೊತ್ತುಮಾಡಿದ ವಿದ್ಯುತ್ ಮಿತಿಯನ್ನು ತಾವಾಗಿಯೇ ಸಡಿಲಿಸಿರುತ್ತವೆ. ಪಿಎಲ್1, ಪಿಎಲ್2 ಎಂಬ ಸಾಲುಗಳ ಮುಂದೆ 4095 ವ್ಯಾಟ್ ಎಂದು ಕಂಡರೆ ಮಿತಿಯೇ ಇಲ್ಲವೆಂದು ಅರ್ಥ. ಅಲ್ಲಿ ಇಂಟೆಲ್ ಹೇಳಿದ ಅಂಕಿಯನ್ನೇ ತುಂಬಿದರೆ ಬಿಸಿ ಗಣನೀಯವಾಗಿ ಇಳಿಯುತ್ತದೆ. ಎಎಂಡಿಯಲ್ಲಿ ಇಕೋ ಮೋಡ್ ಇದೆ. 105 ವ್ಯಾಟ್‌ನ ಪ್ರೊಸೆಸರನ್ನು 65ರ ವರ್ಗಕ್ಕೆ ಇಳಿಸಿದರೆ ಸಾಕೆಟ್‌ನ ಮಿತಿ 142ರಿಂದ 88 ವ್ಯಾಟ್‌ಗೆ ಬರುತ್ತದೆ, ಕಳೆದುಕೊಳ್ಳುವ ವೇಗ ಮಾತ್ರ ಆ ಪ್ರಮಾಣದಲ್ಲಿರುವುದಿಲ್ಲ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಾಗಿಯೇ ಅತಿ ಹೆಚ್ಚು ವೋಲ್ಟೇಜ್ ಸುರಿಯಬೇಕಾಗುವುದರಿಂದ ಹೀಗಾಗುತ್ತದೆ. ರೈಜನ್ 5000 ಮತ್ತು ನಂತರದವುಗಳಲ್ಲಿ ಕರ್ವ್ ಆಪ್ಟಿಮೈಜರ್‌ನ ಅಂಕಿಯನ್ನು ಋಣಾತ್ಮಕವಾಗಿಸಿ ವೋಲ್ಟೇಜ್ ಇಳಿಸಬಹುದು. ಹತ್ತರಿಂದ ಶುರುಮಾಡಿ, ಒಂದೆರಡು ದಿನ ಬಳಸಿ ನೋಡಿ, ಯಂತ್ರ ತಂತಾನೆ ರೀಸ್ಟಾರ್ಟ್ ಆಗತೊಡಗಿದರೆ ಹಿಂದಕ್ಕೆ ಬನ್ನಿ.

ತಕ್ಷಣಕ್ಕೆ ಏನಾದರೂ ಮಾಡಲೇಬೇಕೆಂದರೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು 100ರ ಬದಲು ಶೇ 99ಕ್ಕೆ ಇಡಿ. ಸಾಮಾನ್ಯವಾಗಿ ಟರ್ಬೋ ನಿಂತುಹೋಗುತ್ತದೆ. ಸಂಜೆಯೊಳಗೆ ಕೆಲಸ ಮುಗಿಸಿ ಕೊಡಬೇಕಾದವರಿಗೆ ಒಂದು ದಿನದ ಮಟ್ಟಿಗೆ ಸಾಕು.

ತಾಪಮಾನ 70 ಮಾತ್ರ ಇದೆ, ಆದರೂ ವೇಗ ಇದ್ದಕ್ಕಿದ್ದಂತೆ ಕುಸಿಯುತ್ತದೆ.

ಇದು ಅಗ್ಗದ ಬೋರ್ಡುಗಳಲ್ಲಿ, ಅದರಲ್ಲೂ ಕೂಲರ್ ಬದಲಿಸಿದ ಮೇಲೆ ಕಾಣುವ ತೊಂದರೆ. ಪ್ರೊಸೆಸರ್‌ನ ಸುತ್ತ, ಅದಕ್ಕೆ ಬೇಕಾದ ವೋಲ್ಟೇಜನ್ನು ಒದಗಿಸುವ ವಿಆರ್‌ಎಂ ಎಂಬ ಭಾಗವಿದೆ. ಡಬ್ಬಿಯ ಜೊತೆ ಬರುವ ಗುಂಡನೆಯ ಕೂಲರ್ ಗಾಳಿಯನ್ನು ಕೆಳಕ್ಕೆ ಊದುತ್ತಿದ್ದುದರಿಂದ ಅದರ ಪಾಲಿಗೂ ಸ್ವಲ್ಪ ಗಾಳಿ ಸಿಗುತ್ತಿತ್ತು. ಟವರ್ ಕೂಲರ್ ಅಡ್ಡಕ್ಕೆ ಊದುತ್ತದೆ. ಹೀಗೆ ಪ್ರೊಸೆಸರ್ ತಂಪಾಗಿದ್ದರೂ ವಿಆರ್‌ಎಂ ಕಾದು, ವೇಗ ಇಳಿಸುವಂತೆ ಪ್ರೊಸೆಸರ್‌ಗೆ ಸೂಚನೆ ಕಳಿಸುತ್ತದೆ. ಕ್ಯಾಬಿನೆಟ್‌ನ ಹಿಂಭಾಗದಲ್ಲಿ ಬಿಸಿಗಾಳಿ ಹೊರಹಾಕುವ ಫ್ಯಾನ್ ಇಲ್ಲದಿದ್ದರೆ ಹಾಕಿಸಿ. ವಿಆರ್‌ಎಂ ಮೇಲೆ ಲೋಹದ ಹೀಟ್‌ಸಿಂಕ್ ಇಲ್ಲದ ಬೋರ್ಡಿನಲ್ಲಿ ಎಂಟು ಕೋರ್‌ಗಿಂತ ದೊಡ್ಡ ಪ್ರೊಸೆಸರ್ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ, ಬೋರ್ಡಿನ ಪಟ್ಟಿಯಲ್ಲಿ ಆ ಪ್ರೊಸೆಸರ್‌ನ ಹೆಸರಿದ್ದರೂ ಸಹ.

ಇನ್ನು, ತಾಪಮಾನ 80 ದಾಟುವ ಮೊದಲೇ ಯಂತ್ರ ಪಟ್ಟನೆ ಆರಿಹೋದರೆ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮೇಲೆ ಅನುಮಾನಪಡಿ.

ಲಿಕ್ವಿಡ್ ಕೂಲರ್ ಹಾಕಿದ್ದೇನೆ, ಆದರೂ ಬಿಸಿ.

ಪಂಪ್‌ನ ವೈರ್ ಯಾವ ಕನೆಕ್ಟರ್‌ಗೆ ಹೋಗಿದೆ ಎಂದು ನೋಡಿ. ಸಾಮಾನ್ಯ ಫ್ಯಾನ್‌ನ ಕನೆಕ್ಟರ್‌ಗೆ ಹೋಗಿದ್ದರೆ ತಾಪಮಾನಕ್ಕೆ ತಕ್ಕಂತೆ ಪಂಪ್ ನಿಧಾನವಾಗುತ್ತಿರುತ್ತದೆ, ಬಯೋಸ್‌ನಲ್ಲಿ ಅದನ್ನು ಪೂರ್ತಿ ವೇಗಕ್ಕೆ ಇಡಿ. ರೇಡಿಯೇಟರ್‌ನ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಪಂಪ್‌ನಲ್ಲೇ ಸೇರಿಕೊಂಡು ಗಳಗಳ ಸದ್ದು ಬರುತ್ತದೆ. ಎರಡು ಪೈಪುಗಳನ್ನು ಮುಟ್ಟಿ ನೋಡಿ: ಒಂದು ಬಹಳ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ನೀರು ಹರಿಯುತ್ತಿಲ್ಲ.

ಬೆಂಗಳೂರಿನ ಹವೆಗೆ ಇಷ್ಟೆಲ್ಲ ಬೇಕೇ? ಇದು ತಂಪು ಊರಲ್ಲವೇ?

ಈ ನಂಬಿಕೆಯೇ ಹಲವರನ್ನು ಕೆಡಿಸಿದೆ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಮೇಲಿನ ಮಹಡಿಯಲ್ಲಿ, ಆರ್‌ಸಿಸಿ ಚಾವಣಿಯ ನೇರ ಕೆಳಗಿರುವ ಕೋಣೆಗಳು ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೂ ಕಾದಿರುತ್ತವೆ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಮತ್ತೊಂದು ಸಂಗತಿಯಿದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ 10ರಷ್ಟು ತೆಳು. ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ಬಿಸಿಯನ್ನು ಹೊತ್ತೊಯ್ಯುವ ಗಾಳಿಯ ತೂಕ ಕಡಿಮೆ. ವ್ಯತ್ಯಾಸ ಕೆಲವೇ ಡಿಗ್ರಿಯದು, ಆದರೆ ಮೊದಲೇ ಅಂಚಿನಲ್ಲಿರುವ ಕೂಲರ್‌ಗೆ ಅಷ್ಟೂ ಭಾರವೇ.

ಧೂಳಿನ ಬಗ್ಗೆ ಹೊರ ವರ್ತುಲ ರಸ್ತೆಯ ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ವಾಸವಿರುವವರಿಗೆ ನಾನು ಹೇಳಬೇಕಾದ್ದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ತಡೆದಿಟ್ಟುಕೊಳ್ಳಿ, ಬಿಟ್ಟರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಅಡುಗೆಮನೆಗೆ ತಾಗಿದ ಕೋಣೆಯಲ್ಲಿ ಒಗ್ಗರಣೆಯ ಜಿಡ್ಡು ಧೂಳಿನೊಡನೆ ಬೆರೆತು ಕೂಲರ್‌ನ ರೆಕ್ಕೆಗಳಿಗೆ ಅಂಟಿರುತ್ತದೆ, ಅದಕ್ಕೆ ಬ್ಲೋವರ್ ಸಾಲದು, ಬ್ರಷ್ ಬೇಕು. ಬಾಗಿಲಿರುವ ಗೂಡಿನೊಳಗೆ ಕ್ಯಾಬಿನೆಟ್ ಇಡುವ ಹಳೆಯ ಕಂಪ್ಯೂಟರ್ ಟೇಬಲ್‌ಗಳಲ್ಲಂತೂ ಹೊರಬಂದ ಬಿಸಿಗಾಳಿಯೇ ಮತ್ತೆ ಒಳಗೆ ಹೋಗುತ್ತಿರುತ್ತದೆ. ಕ್ಯಾಬಿನೆಟನ್ನು ಹೊರಗೆ ತಂದಿಟ್ಟು ಒಮ್ಮೆ ಅಳೆದು ನೋಡಿ, ಒಂದು ರೂಪಾಯಿಯೂ ಖರ್ಚಿಲ್ಲ.

ನನ್ನದು ಇಂಟೆಲ್ 13ನೇ ಪೀಳಿಗೆಯದು. ಅದರಲ್ಲಿ ದೋಷವಿದೆ ಎನ್ನುತ್ತಾರಲ್ಲ?

ಆ ದೋಷ ಕೂಲರ್‌ಗೆ ಸಂಬಂಧಿಸಿದ್ದಲ್ಲ. 13 ಮತ್ತು 14ನೇ ಪೀಳಿಗೆಯ ಹೆಚ್ಚು ವ್ಯಾಟ್‌ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿಕೊಂಡು ಕಾಲಕ್ರಮೇಣ ಕೆಡುತ್ತಿದ್ದವು. ಇಂಟೆಲ್ 2024ರ ಆಗಸ್ಟ್‌ನಲ್ಲೂ ಸೆಪ್ಟೆಂಬರ್‌ನಲ್ಲೂ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ತಿದ್ದುಪಡಿಗಳನ್ನು ಕೊಟ್ಟಿತು, ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ತಿದ್ದುಪಡಿಗಳು ನಿಮ್ಮನ್ನು ತಲುಪುವುದು ಮದರ್‌ಬೋರ್ಡಿನ ಹೊಸ ಬಯೋಸ್ ಮೂಲಕ, ಆದ್ದರಿಂದ ಬಯೋಸ್ ನವೀಕರಿಸಿ. ಈಗಾಗಲೇ ಕೆಟ್ಟಿರುವ ಚಿಪ್ ಅದರಿಂದ ಸರಿಹೋಗುವುದಿಲ್ಲ, ವಾರಂಟಿಗೇ ಹೋಗಬೇಕು.

ಅಂಗಡಿಗೆ ಯಾವಾಗ ಹಿಂದಿರುಗಿಸಬೇಕು?

ಕೂಲರನ್ನು ಎರಡು ಸಲ ಬಿಚ್ಚಿ ಕೂರಿಸಿ, ತಳದ ಮೇಲೆ ಪೇಸ್ಟ್ ಸಮವಾಗಿ ಹರಡಿದ್ದನ್ನು ಕಣ್ಣಾರೆ ಕಂಡು, ಬಯೋಸ್‌ನಲ್ಲಿ ಕಂಪನಿ ಹೇಳಿದ ಮಿತಿಯನ್ನೇ ಇಟ್ಟ ಮೇಲೂ ಕಡಿಮೆ ವ್ಯಾಟ್‌ಗೇ ಗರಿಷ್ಠ ತಾಪಮಾನ ಮುಟ್ಟುತ್ತಿದ್ದರೆ, ಅಥವಾ ಒಂದು ಕೋರ್ ಮಾತ್ರ ಉಳಿದವುಗಳಿಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಮೇಲಿದ್ದರೆ ಹಿಂದಿರುಗಿಸಿ. ಹೋಗುವಾಗ ಬಿಲ್ಲು, ಡಬ್ಬಿ, ಬಿಚ್ಚಿದ ಕೂಲರ್‌ನ ತಳದ ಫೋಟೊ, ಡಿಗ್ರಿಯೂ ವ್ಯಾಟ್ಟೂ ಒಟ್ಟಿಗೆ ಕಾಣುವ ಸ್ಕ್ರೀನ್‌ಶಾಟ್ ಇವಿಷ್ಟು ಕೈಯಲ್ಲಿರಲಿ. ಬರೀ "ಬಿಸಿಯಾಗ್ತಿದೆ" ಎಂದರೆ ಕೌಂಟರ್‌ನಲ್ಲಿರುವವರು "ಪೇಸ್ಟ್ ಚೇಂಜ್ ಮಾಡಿ ಸರ್" ಎಂದು ಕಳಿಸಿಬಿಡುತ್ತಾರೆ.